ಹದಿಮೂರು ಕಿಲೋ

ನನ್ನ ತಾಯಿಯ ತವರುಮನೆ ಹೊಸನಗರದ ಕಡೆ. ಆ ಮನೆಯ ಜಗಲಿಯ ಮೂಲೆಯಲ್ಲಿ ಅಡಿಕೆ ಮೂಟೆ ತೂಗುವ ಕಬ್ಬಿಣದ ತಕ್ಕಡಿಯೊಂದಿತ್ತು. ಕೆಳಗೆ ಮೂಟೆ ನಿಲ್ಲಿಸಲು ಹಲಗೆ, ಎದೆಯೆತ್ತರಕ್ಕೆ ಅಂಕಿ ಕೊರೆದ ಪಟ್ಟಿ, ಪಟ್ಟಿಯ ಮೇಲೆ ಆಚೀಚೆ ಸರಿಯುವ ಗುಂಡು. ಅಡಿಕೆ ಮಂಡಿಗೆ ಹೊರಡುವ ದಿನಗಳಲ್ಲಿ, ಎರಡು ಮೂಟೆಗಳ ನಡುವಿನ ಬಿಡುವಿನಲ್ಲಿ, ಮಕ್ಕಳನ್ನು ಅದರ ಮೇಲೆ ಹತ್ತಿಸಿ ತೂಗುವುದು ಮನೆಮಂದಿಗೆಲ್ಲ ತಮಾಷೆಯ ವಿಷಯವಾಗಿತ್ತು. ನಾನು ಏಳನೆಯ ತರಗತಿಯಲ್ಲಿದ್ದ ವರ್ಷ ಮಾವ ಗುಂಡು ಸರಿಸಿ, 49 ಕಿಲೋ ಎಂದು ಅಂಗಳಕ್ಕೆಲ್ಲ ಕೇಳುವಂತೆ ಓದಿ, "ಇವಳನ್ನ ನಾಲ್ಕು ದಿನ ಅಟ್ಟದ ಮೇಲೆ ಹರವಿದ್ರೆ ಆಯ್ತು, ಬೇಯಿಸಿದ ಅಡಿಕೆ ಒಣಗಿದ ಹಾಗೆ ತೂಕ ತಾನಾಗೇ ಇಳೀತದೆ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಡಿಕೆ ಒಣಗುವಾಗ ಕಳೆದುಕೊಳ್ಳುವುದು ನೀರನ್ನು. ಒಣಗಲಾರೆನೆಂಬ ಹಟ ಅದಕ್ಕಿಲ್ಲ. ಮೈಗೆ ಆ ಹಟ ಇದೆ ಎಂಬುದು ನನಗೆ ಸರಿಯಾಗಿ ಅರ್ಥವಾಗಲು ಮೂವತ್ತೈದು ವರ್ಷ ಹಿಡಿಯಿತು. ನಾನು ಶಿವಮೊಗ್ಗದ ಪ್ರೌಢಶಾಲೆಯೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು ಎಂಬುದನ್ನು ನೆನೆದರೆ ಈ ತಡ ಸ್ವಲ್ಪ ನಾಚಿಕೆಯದೇ. ಐದು ವರ್ಷಗಳ ಹಿಂದೆ 84 ಕಿಲೋ ಇದ್ದವಳು, ಹತ್ತು ತಿಂಗಳು ಅಳೆದು ತೂಗಿ ಉಂಡು, ಬೆಳಗಿನ ಜಾವ ನೆಹರೂ ಕ್ರೀಡಾಂಗಣದಲ್ಲಿ ಸುತ್ತು ಹಾಕಿ, 71ಕ್ಕೆ ಇಳಿದೆ. ಮುಂದಿನ ಎರಡು ವರ್ಷಗಳಲ್ಲಿ, ನಡುವೆ ಎಲ್ಲಿಯೂ ಒಂದು ದಿನ ಕುಳಿತು ಹೊಟ್ಟೆಬಾಕಳಂತೆ ತಿಂದ ನೆನಪಿಲ್ಲದೆ, ಮತ್ತೆ 82ಕ್ಕೆ ಬಂದು ನಿಂತೆ. ಇಳಿದಾಗ ಎಲ್ಲರೂ ನನ್ನ ಮನೋಬಲವನ್ನು ಹೊಗಳಿದ್ದರು. ಆದ್ದರಿಂದ ಏರಿದಾಗ ಆ ಮನೋಬಲವೇ ಕೆಟ್ಟುಹೋಯಿತೆಂದು ಯಾರೂ ಹೇಳಬೇಕಾಗಿಯೇ ಇರಲಿಲ್ಲ, ನಾನೇ ತೀರ್ಮಾನಿಸಿಕೊಂಡೆ.

ಪ್ರತಿವರ್ಷ ಮಕ್ಕಳಿಗೆ ಸಮಸ್ಥಿತಿಯ ಪಾಠ ಮಾಡುತ್ತೇನೆ. ಹೊರಗೆ ಆಗುಂಬೆಯ ಥಂಡಿಯಿರಲಿ, ರಾಯಚೂರಿನ ಬಿಸಿಲಿರಲಿ, ದೇಹ ತನ್ನ ಉಷ್ಣತೆಯನ್ನು 37 ಡಿಗ್ರಿಯ ಆಸುಪಾಸಿನಲ್ಲೇ ಇರಿಸಿಕೊಳ್ಳುತ್ತದೆ ಎಂದು ಕಪ್ಪುಹಲಗೆಯ ಮೇಲೆ ಬಾಣಗಳನ್ನು ಎಳೆದು ತೋರಿಸುತ್ತೇನೆ. ಅದೇ ದೇಹ ತನ್ನ ಕೊಬ್ಬಿನ ದಾಸ್ತಾನನ್ನೂ ಹೀಗೆಯೇ ಕಾಯುತ್ತಿರಬಹುದು ಎಂಬ ಯೋಚನೆ ಮಾತ್ರ ಬಂದಿರಲಿಲ್ಲ. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಅವರ ಸಂಗಡಿಗರು ಲೆಪ್ಟಿನ್ ಎಂಬ ಹಾರ್ಮೋನಿನ ಜೀನನ್ನು ಪತ್ತೆ ಮಾಡಿದರು. ಇದನ್ನು ತಯಾರಿಸುವುದು ಕೊಬ್ಬಿನ ಕೋಶಗಳೇ. ಕಣಜದಲ್ಲಿ ಎಷ್ಟಿದೆ ಎಂಬ ಸುದ್ದಿಯನ್ನು ಇದು ಮಿದುಳಿನ ಹೈಪೊಥಲಾಮಸ್‌ಗೆ ಮುಟ್ಟಿಸುತ್ತಿರುತ್ತದೆ. ಕೊಬ್ಬು ಕರಗತೊಡಗಿದರೆ ಲೆಪ್ಟಿನ್ ಇಳಿಯುತ್ತದೆ, ಮತ್ತು ಮಿದುಳು ಅದನ್ನು ಬರಗಾಲವೆಂದೇ ಓದಿಕೊಳ್ಳುತ್ತದೆ. ಮದುವೆಮನೆಯ ಸೀರೆಗಾಗಿ ಪಥ್ಯ ನಡೆದಿದೆ ಎಂಬುದು ಅದಕ್ಕೆ ಗೊತ್ತಾಗುವ ದಾರಿ ಇಲ್ಲ. ಹಾಗಾದರೆ ಲೆಪ್ಟಿನ್ನನ್ನೇ ಚುಚ್ಚುಮದ್ದಿನಲ್ಲಿ ಕೊಟ್ಟರೆ ಬೊಜ್ಜು ಕರಗೀತು ಎಂಬ ಆಸೆ ಆಗ ಹುಟ್ಟಿತ್ತು. ಫಲಿಸಲಿಲ್ಲ. ಬೊಜ್ಜು ಇರುವವರ ರಕ್ತದಲ್ಲಿ ಲೆಪ್ಟಿನ್ ಸಾಮಾನ್ಯವಾಗಿ ಮೊದಲೇ ಹೆಚ್ಚಿರುತ್ತದೆ. ದಿನವಿಡೀ ಕೂಗುವವನ ಮಾತಿಗೆ ಮನೆಯವರು ಕಿವಿಗೊಡದಿರುವಂತೆ ಮಿದುಳು ಅದಕ್ಕೆ ಓಗೊಡುವುದನ್ನು ಬಿಟ್ಟಿರುತ್ತದೆ. ಆದರೆ ಆ ಕೂಗು ತಗ್ಗಿದರೆ ಮಾತ್ರ ತಕ್ಷಣ ಎಚ್ಚರಗೊಳ್ಳುತ್ತದೆ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಗುರುತಿಸಿದ ಗ್ರೆಲಿನ್ ಇದರ ಎದುರು ಪಕ್ಷ: ಹೊಟ್ಟೆಯಲ್ಲಿ ಹುಟ್ಟಿ ಹಸಿವನ್ನು ಎಬ್ಬಿಸುವ ಇದು ಪಥ್ಯದಿಂದ ತೂಕ ಇಳಿದಷ್ಟೂ ಏರುತ್ತದೆ.

2011ರಲ್ಲಿ ಮೆಲ್ಬರ್ನಿನ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದನ್ನು ನಾನು ಎರಡು ಸಲ ಓದಿದೆ. ಐವತ್ತು ಜನರಿಗೆ ಹತ್ತು ವಾರ ತೀರಾ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು, ತೂಕ ಇಳಿದ ಒಂದು ವರ್ಷದ ನಂತರ ಅವರ ಹಸಿವಿನ ಹಾರ್ಮೋನುಗಳನ್ನು ಮತ್ತೆ ಅಳೆದರು. ಅವು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ಒಂದು ವರ್ಷ ಕಳೆದಿದ್ದರೂ ದೇಹ ಹಸಿವನ್ನು ಒತ್ತಾಯಿಸುತ್ತಲೇ ಇತ್ತು. ಅವರೆಲ್ಲರ ಸರಾಸರಿ ಇಳಿಕೆ ಹದಿಮೂರೂವರೆ ಕಿಲೋ, ಅಂದರೆ ಹೆಚ್ಚುಕಡಿಮೆ ನನ್ನದರಷ್ಟೇ. ಅಮೆರಿಕದ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಇದಕ್ಕೊಂದು ಲೆಕ್ಕವನ್ನೇ ಕಟ್ಟಿಕೊಟ್ಟರು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುವ ಮಧುಮೇಹದ ಮಾತ್ರೆಯೊಂದನ್ನು ತೆಗೆದುಕೊಳ್ಳುತ್ತಿದ್ದವರು ತಮಗರಿವಿಲ್ಲದೆಯೇ ದಿನವೂ ಒಂದಿಷ್ಟು ಕ್ಯಾಲೊರಿ ಕಳೆದುಕೊಳ್ಳುತ್ತಿದ್ದರು. ಅವರ ತೂಕ ಹೇಗೆ ಬದಲಾಯಿತೆಂಬುದನ್ನು ಹಿಡಿದು ಅವರು ಎಷ್ಟು ಹೆಚ್ಚು ಉಣ್ಣತೊಡಗಿದ್ದರೆಂದು ಲೆಕ್ಕ ಹಾಕಿದಾಗ, ಇಳಿದ ಪ್ರತಿ ಕಿಲೋಗೆ ದಿನದ ಹಸಿವು ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ ಎಂದು ಕಂಡುಬಂತು. ದೇಹ ಖರ್ಚು ಮಾಡುವ ಶಕ್ತಿ ಅದೇ ಹೊತ್ತಿಗೆ ಪ್ರತಿ ಕಿಲೋಗೆ 20ರಿಂದ 30 ಕ್ಯಾಲೊರಿಯಷ್ಟು ತಗ್ಗುತ್ತದೆ. ನನ್ನ ಹದಿಮೂರು ಕಿಲೋಗೆ ಗುಣಿಸಿದರೆ ದಿನಕ್ಕೆ 1300 ಕ್ಯಾಲೊರಿಯ ಹೆಚ್ಚುವರಿ ಹಸಿವು. ಆರೇಳು ಅಕ್ಕಿ ರೊಟ್ಟಿಗಾಗುವಷ್ಟು ಹಸಿವನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾನು ತರಗತಿಯಲ್ಲಿ ನಿಂತು ಪಾಠ ಮಾಡುತ್ತಿದ್ದೆ ಎಂದಾಯಿತು. ಎರಡು ವರ್ಷಗಳಲ್ಲಿ ಹನ್ನೊಂದು ಕಿಲೋ ಮರಳಿದ್ದಕ್ಕಿಂತ, ಹತ್ತು ತಿಂಗಳು ಅದು ಮರಳದೆ ಇದ್ದದ್ದೇ ಈಗ ನನಗೆ ಆಶ್ಚರ್ಯವೆನಿಸುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ಸ್ಟಾಕ್‌ಹೋಮಿನ ಸಂಶೋಧಕರು, ಹಿಂದಿನ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ ಇಂಗಾಲದ ಗುರುತನ್ನು ಹಿಡಿದು, ಮನುಷ್ಯರ ಕೊಬ್ಬಿನ ಕೋಶಗಳ ವಯಸ್ಸನ್ನು ಅಳೆದು 2008ರಲ್ಲಿ ವರದಿ ಮಾಡಿದರು. ಪ್ರತಿವರ್ಷ ಹತ್ತರಲ್ಲೊಂದು ಭಾಗ ಕೋಶಗಳು ಸತ್ತು ಅಷ್ಟೇ ಹೊಸದಾಗಿ ಹುಟ್ಟುತ್ತವೆ. ಪ್ರಾಯಕ್ಕೆ ಬಂದ ಮೇಲೆ ಒಟ್ಟು ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ತೂಕ ಇಳಿದಾಗ ಕೋಶಗಳು ಸೊರಗುತ್ತವೆ, ಕಡಿಮೆಯಾಗುವುದಿಲ್ಲ. ಮಂಡಿಯಿಂದ ಮರಳಿದ ಖಾಲಿ ಗೋಣಿಚೀಲಗಳನ್ನು ನಮ್ಮಜ್ಜ ಮಡಿಸಿ ಅಟ್ಟದ ಮೇಲೆ ಇಡಿಸುತ್ತಿದ್ದುದು ನೆನಪಾಗುತ್ತದೆ. ಮುಂದಿನ ವರ್ಷದ ಫಸಲಿಗೆ ಅವು ಬೇಕಲ್ಲ.

ಇಷ್ಟು ಹೆಣ್ಣುಗಂಡೆಂಬ ಭೇದವಿಲ್ಲದೆ ಎಲ್ಲ ಮೈಗಳ ಕಥೆ. ಹೆಣ್ಣಿನ ಮೈಯಲ್ಲಿ ಇದರ ಮೇಲೆ ಇನ್ನೂ ಕೆಲವು ಪದರಗಳು ಕೂಡಿಕೊಳ್ಳುತ್ತವೆ. ತಿಂಗಳ ಚಕ್ರದ ಕೊನೆಯ ದಿನಗಳಲ್ಲಿ ಹಸಿವು ಏರುತ್ತದೆ, ಮೈಯಲ್ಲಿ ನೀರು ನಿಲ್ಲುತ್ತದೆ. ಆ ವಾರ ತಕ್ಕಡಿ ಹತ್ತಿ ಅಳು ಬಂದ ದಿನಗಳನ್ನು ನಾನು ಎಣಿಸಿಲ್ಲ. ಹದಿನೆಂಟು ಇಪ್ಪತ್ತರ ವಯಸ್ಸಿಗೆ ನನಗೆ ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿತ್ತು, ಗಲ್ಲದ ಮೇಲೆ ಕೂದಲು ಬರುತ್ತಿತ್ತು. ಆಗ ಅದಕ್ಕೆ ಹೆಸರಿಡುವವರು ನಮ್ಮ ಕಡೆ ಇರಲಿಲ್ಲ. ಈಗ ಎಂಟನೆಯ ತರಗತಿಯ ಹುಡುಗಿಯರ ತಾಯಂದಿರಿಗೂ ಅಂಡಾಶಯದ ಈ ತೊಂದರೆಯ ಪಿಸಿಓಡಿ ಎಂಬ ಹೆಸರು ಗೊತ್ತು. ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 6ರಿಂದ 13 ಮಂದಿಗೆ ಇದು ಇರುತ್ತದೆಂದೂ, ಇರುವವರಲ್ಲಿ ಹೆಚ್ಚಿನವರಿಗೆ ಇದೆಯೆಂಬುದೇ ತಿಳಿದಿರುವುದಿಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದರಲ್ಲಿ ಬಹಳ ಮಂದಿಯ ಮೈ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಆಗ ಮೇದೋಜೀರಕ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಆ ಹೆಚ್ಚಿದ ಇನ್ಸುಲಿನ್ ಒಂದು ಕಡೆ ಅಂಡಾಶಯದಿಂದ ಗಂಡು ಹಾರ್ಮೋನುಗಳನ್ನು ಹೆಚ್ಚು ಹೊರಡಿಸುತ್ತದೆ, ಇನ್ನೊಂದು ಕಡೆ ಕೊಬ್ಬು ಕರಗಿ ಹೊರಬರುವುದನ್ನು ತಡೆಯುತ್ತದೆ. ತೂಕ ಶೇಕಡಾ 5ರಷ್ಟು ಇಳಿದರೂ ಹಲವರಿಗೆ ಮುಟ್ಟು ಸರಿಹೋಗುತ್ತದೆ ಎಂಬುದು ನಿಜ. ಹಾಗಾಗಿ ನಾನು ಮೂವತ್ತರ ವಯಸ್ಸಿನಲ್ಲಿ ತೋರಿಸಿಕೊಂಡ ವೈದ್ಯರು ಚೀಟಿಯಲ್ಲಿ "ತೂಕ ಇಳಿಸಿ" ಎಂಬ ಎರಡೇ ಪದ ಬರೆದದ್ದು ತಪ್ಪೆನ್ನಲಾರೆ. ಇಳಿಸಲು ಬಿಡದಿರುವುದು ಆ ಕಾಯಿಲೆಯೇ ಎಂಬ ಮೂರನೆಯ ಮಾತನ್ನೂ ಸೇರಿಸಿದ್ದರೆ ಹತ್ತು ವರ್ಷಗಳ ಆತ್ಮನಿಂದನೆ ಉಳಿಯುತ್ತಿತ್ತು.

ಮಗ ಹುಟ್ಟಿದಾಗ ಅಮ್ಮ ಮೂರು ತಿಂಗಳು ಬಾಣಂತನ ಮಾಡಿದರು. ತುಪ್ಪ, ಕೊಬ್ಬರಿ, ಕಾಳುಮೆಣಸು, ಬೆಳ್ಳುಳ್ಳಿ, ಲೇಹ್ಯ, ಹಂಡೆಯ ಬಿಸಿನೀರು, ತಲೆಗೆ ಬಟ್ಟೆ. ಇದನ್ನು ಹೀಗಳೆಯುವುದು ಈಗ ಫ್ಯಾಷನ್ನಾಗಿದೆ, ನನಗೆ ಮನಸ್ಸಿಲ್ಲ. ಹೆತ್ತ ಹೆಂಗಸು ತಿಂಗಳೊಪ್ಪತ್ತಿನಲ್ಲಿ ತೋಟಕ್ಕೂ ಗದ್ದೆಗೂ ಇಳಿಯಲೇಬೇಕಿದ್ದ ಕಾಲದಲ್ಲಿ ಆಕೆಗೆ ಸಿಕ್ಕ ಏಕೈಕ ಉಪಚಾರ ಅದು. ನನ್ನ ವಿಷಯದಲ್ಲಿ ತುಪ್ಪಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ನಿದ್ದೆಗೆಡುವುದು ಎಂದು ಈಗ ಅನ್ನಿಸುತ್ತದೆ. ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿದರೆ ಲೆಪ್ಟಿನ್ ಶೇಕಡಾ 18ರಷ್ಟು ತಗ್ಗಿ ಗ್ರೆಲಿನ್ ಶೇಕಡಾ 28ರಷ್ಟು ಏರುತ್ತದೆ ಎಂದು ಶಿಕಾಗೋದ ವಿಜ್ಞಾನಿಗಳು 2004ರಲ್ಲಿ ತೋರಿಸಿದರು. ಆ ಪ್ರಯೋಗಕ್ಕೆ ಮಲಗಿದ ಹನ್ನೆರಡು ಮಂದಿಯೂ ಎಳೆಯ ಗಂಡಸರು! ಎರಡೇ ರಾತ್ರಿಗಾಗಿ ಅಷ್ಟು ಖರ್ಚು ಮಾಡುವ ಬದಲು ಯಾವ ಬಾಣಂತಿಯನ್ನು ಕೇಳಿದ್ದರೂ ಹೇಳುತ್ತಿದ್ದಳು.

"ಆಪರೇಷನ್ ಆದ ಮೇಲೆ ಮೈ ಬಂತು" ಎಂಬ ಮಾತನ್ನು ನಮ್ಮೂರಿನ ಯಾವ ಹೆಂಗಸಿನ ಬಾಯಲ್ಲಾದರೂ ಕೇಳಬಹುದು. ಮಕ್ಕಳಾಗದ ಆಪರೇಷನ್ನಿನಲ್ಲಿ ಕಟ್ಟುವುದು ನಾಳವನ್ನು. ಅಂಡಾಶಯ ಅದರ ಪಾಡಿಗೆ ಹಾರ್ಮೋನು ಸುರಿಸುತ್ತಲೇ ಇರುತ್ತದೆ. ಎರಡು ಹೆರಿಗೆ, ನಿದ್ದೆಗೇಡು, ಮೂವತ್ತರ ವಯಸ್ಸು ಎಲ್ಲವೂ ಅದೇ ಹೊತ್ತಿಗೆ ಬಂದು ಆಪರೇಷನ್ನಿನ ಹೆಸರಿಗೆ ಜಮೆಯಾಗಿವೆ. ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆಸಿಕೊಂಡರೆ ಮಾತು ಬೇರೆ. ಆಗ ನಲವತ್ತಾಗುವ ಮೊದಲೇ ಈಸ್ಟ್ರೋಜನ್ ನಿಂತು, ಹತ್ತು ವರ್ಷಗಳ ನಂತರ ಬರಬೇಕಿದ್ದ ಮುಟ್ಟಂತ್ಯ ಒಂದೇ ದಿನದಲ್ಲಿ ಬಂದುಬಿಡುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಆಗುವ ಮುಖ್ಯ ಬದಲಾವಣೆಯೆಂದರೆ, ಸೊಂಟ ತೊಡೆಗಳಲ್ಲಿ ಕೂಡುತ್ತಿದ್ದ ಕೊಬ್ಬು ಹೊಟ್ಟೆಯ ಒಳಕ್ಕೆ ಸರಿಯುವುದು. ಸಕ್ಕರೆ ಕಾಯಿಲೆಗೂ ಹೃದಯಕ್ಕೂ ಅಪಾಯವಾಗಿರುವುದು ಈ ಒಳಗಿನ ಕೊಬ್ಬೇ. ಇನ್ನು ಥೈರಾಯ್ಡ್. ನಮ್ಮ ಸ್ಟಾಫ್ ರೂಮಿನಲ್ಲಿ ಬೆಳಗ್ಗೆ ಖಾಲಿ ಹೊಟ್ಟೆಗೆ ಆ ಮಾತ್ರೆ ನುಂಗುವವರು ನಾಲ್ವರಿದ್ದೇವೆ. ತೂಕವನ್ನೆಲ್ಲ ಅದರ ತಲೆಗೆ ಕಟ್ಟಲು ನನಗೂ ಆಸೆಯಿತ್ತು, ಆದರೆ ಥೈರಾಯ್ಡ್ ಕುಗ್ಗಿದ್ದರಿಂದ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕಿಲೋ, ಅದರಲ್ಲೂ ಬಹುಪಾಲು ಉಪ್ಪು ಮತ್ತು ನೀರು. ಸ್ಟೀರಾಯ್ಡ್, ಇನ್ಸುಲಿನ್, ಕೆಲವು ಮಾನಸಿಕ ಕಾಯಿಲೆಗಳ ಮಾತ್ರೆಗಳು ತೂಕ ಏರಿಸುವುದುಂಟು. ಅವನ್ನು ತಾವಾಗಿ ನಿಲ್ಲಿಸಿದವರ ಪಾಡನ್ನೂ ಕಂಡಿದ್ದೇನೆ.

ನಾನು ಹುಟ್ಟಿದಾಗ ಎರಡೂಕಾಲು ಕಿಲೋ ಇದ್ದೆನಂತೆ. ಇಷ್ಟು ಚಿಕ್ಕದಾಗಿ ಹುಟ್ಟಿದ ಕೂಸು ಹೀಗಾಯಿತಲ್ಲ ಎಂದು ಅಮ್ಮ ಈಗಲೂ ನಗುತ್ತಾರೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅವರ ಕೆಲಸವನ್ನು ಓದಿದ ಮೇಲೆ ಅದರಲ್ಲಿ ವಿರೋಧ ಕಾಣುತ್ತಿಲ್ಲ. ಪುಣೆಯ ಸುತ್ತಲ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳೊಂದಿಗೆ ಅವರು ಹೋಲಿಸಿದ್ದರು. ಅಲ್ಲಿಯವು ಮೂರೂವರೆ ಕಿಲೋ, ಇಲ್ಲಿಯವು 2.7. ಕಡಿಮೆಯಾಗಿದ್ದದ್ದು ಮಾಂಸಖಂಡ ಮತ್ತು ಒಳ ಅಂಗಗಳು. ಕೊಬ್ಬು ಮಾತ್ರ ತಕ್ಕಮಟ್ಟಿಗೆ ಉಳಿದುಕೊಂಡಿತ್ತು. ಹೊಟ್ಟೆಗಿಲ್ಲದ ತಾಯಿಯ ಬಸಿರಿನಲ್ಲಿ ಬೆಳೆದ ಮಗು ಕೂಡಿಡುವುದನ್ನು ಕಲಿತೇ ಹೊರಬರುತ್ತದೆ. 2004ರಲ್ಲಿ ಅವರು ತಮ್ಮದೇ ಚಿತ್ರವನ್ನು ಇಂಗ್ಲೆಂಡಿನ ಸಹೋದ್ಯೋಗಿ ಜಾನ್ ಯಡ್ಕಿನ್ ಜೊತೆಗಿಟ್ಟು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು: ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಒಂದೇ, 22.3; ಮೈಯ ಕೊಬ್ಬು ಮಾತ್ರ ಒಬ್ಬರದು ಶೇಕಡಾ 9.1, ನಮ್ಮವರದು 21.2. ಭಾರತೀಯರಿಗೆ 25ಕ್ಕೇ ಬೊಜ್ಜು ಎನ್ನುವುದೂ, ಹೆಂಗಸರ ಸೊಂಟ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಸುವುದೂ ಇದೇ ಕಾರಣಕ್ಕೆ. ನನ್ನನ್ನು ಬಸಿರಲ್ಲಿಟ್ಟುಕೊಂಡು ಅಮ್ಮ ಏಳನೆಯ ತಿಂಗಳವರೆಗೆ ಬೆಟ್ಟದಿಂದ ಸೊಪ್ಪಿನ ಹೊರೆ ಹೊತ್ತಿದ್ದರು, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಂಡಿದ್ದರು.

ಆ ಹೊರೆಯ ಮಾತು ಬಂದಾಗಲೆಲ್ಲ, "ಆಗಿನವರು ದುಡೀತಿದ್ರು, ಅದಕ್ಕೇ ಬೊಜ್ಜು ಇರಲಿಲ್ಲ" ಎಂಬ ಷರಾ ಯಾರಾದರೂ ಹಾಕುತ್ತಾರೆ. ಒನಕೆ, ಒರಳು, ಬಾವಿಯ ಹಗ್ಗ ಹೋಗಿ ಮಿಕ್ಸಿ ಮೋಟರು ಬಂದವು, ಮೆಟ್ಟುಗತ್ತಿಯ ಮೇಲೆ ಕುಳಿತು ರಾತ್ರಿಯೆಲ್ಲ ಅಡಿಕೆ ಸುಲಿಯುತ್ತಿದ್ದ ಜಾಗಕ್ಕೆ ಯಂತ್ರ ಬಂತು, ಸರಿ. ಆದರೆ ಟಾಂಜಾನಿಯಾದ ಹಾಡ್ಜಾ ಬೇಟೆಗಾರರನ್ನು ಹರ್ಮನ್ ಪಾಂಟ್ಜರ್ ತಂಡ ಅಳೆದಾಗ, ದಿನವಿಡೀ ಕಾಡು ಅಲೆಯುವ ಆ ಜನರೂ, ಮೈಗಾತ್ರವನ್ನು ಸರಿದೂಗಿಸಿ ನೋಡಿದರೆ, ಕುರ್ಚಿಯಲ್ಲಿ ಕೂರುವ ಅಮೆರಿಕದವರೂ ಖರ್ಚು ಮಾಡುವ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ ಎಂದು 2012ರಲ್ಲಿ ಕಂಡುಬಂತು. ದೇಹ ಒಂದು ಕಡೆ ದುಡಿದದ್ದನ್ನು ಇನ್ನೊಂದು ಕಡೆ ಉಳಿಸಿಕೊಳ್ಳುತ್ತದೆ. ನಡಿಗೆ ಹೃದಯಕ್ಕೆ, ಸಕ್ಕರೆಗೆ, ನಿದ್ದೆಗೆ ಒಳ್ಳೆಯದು. ತೂಕವನ್ನು ನಡಿಗೆಯೊಂದೇ ಇಳಿಸುತ್ತದೆ ಎಂದು ನಂಬಿಸುವುದು ಮೋಸ. ನಮ್ಮಜ್ಜಿಗೆ ಸಿಗದಿದ್ದದ್ದು ನಾಲ್ಕು ಗಂಟೆಯ ಬೇಕರಿಯ ಖಾರಾ ಬನ್ನು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈಗ ಅಡುಗೆಮನೆಗೆ ಬರುತ್ತೇನೆ, ಯಾಕೆಂದರೆ ನನ್ನ ಹನ್ನೊಂದು ಕಿಲೋ ಮರಳಿದ ಜಾಗ ಅದು. ರಾತ್ರಿ ಹತ್ತು ಗಂಟೆ. ಅತ್ತೆ, ಇವರು, ಮಗ ಉಂಡು ಎದ್ದಾಗಿದೆ. ನಾನೂ ಅವರಿಗೆ ಬಡಿಸುತ್ತಲೇ ಎರಡು ಚಪಾತಿ ಮುಗಿಸಿ, ತಿಂದದ್ದರ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಕಟ್ಟೆಯ ಮೇಲೆ ಅನ್ನದ ಪಾತ್ರೆಯ ತಳದಲ್ಲಿ ಎರಡು ಸೌಟಿನಷ್ಟು ಅನ್ನ, ಬಟ್ಟಲಲ್ಲಿ ಅರ್ಧ ಸೌಟು ಬದನೆಕಾಯಿ ಗೊಜ್ಜು, ಪಾತ್ರೆಯ ಅಂಚಿಗೆ ಅಂಟಿದ ಗಟ್ಟಿ ಮೊಸರು. ಫ್ರಿಜ್ಜಿನಲ್ಲಿಟ್ಟರೆ ನಾಳೆ ಅದು ತಂಗಳು, ಅತ್ತೆ ಮುಟ್ಟುವುದಿಲ್ಲ. ಚೆಲ್ಲಿದರೆ ಅನ್ನಕ್ಕೆ ಮಾಡಿದ ಅಪಚಾರ. ಆದ್ದರಿಂದ ನಿಂತಲ್ಲೇ, ಪಾತ್ರೆಯಲ್ಲೇ ಕಲಸಿ, ಕಿಟಕಿಯಾಚೆ ಮಳೆ ನೋಡುತ್ತ ತಿನ್ನುತ್ತೇನೆ. ಮಿಡಿಯ ಜಾಡಿಗೆ ಕೈ ಹೋಗುತ್ತದೆ, ಹಲಸಿನ ಹಪ್ಪಳದ ಡಬ್ಬಿಗೂ ಹೋಗುತ್ತದೆ. ಇದು ಪುಸ್ತಕಕ್ಕೆ ಏರುತ್ತಿರಲಿಲ್ಲ. ಮುಚ್ಚಿಡುವ ಉದ್ದೇಶವೂ ಇರಲಿಲ್ಲ, ಅದು ಊಟವೆಂದೇ ತೋರುತ್ತಿರಲಿಲ್ಲ, ಪಾತ್ರೆ ತೊಳೆಯುವ ಕೆಲಸದ ಮೊದಲ ಭಾಗವೆಂಬಂತೆ ಇತ್ತು. 1992ರಲ್ಲಿ ನ್ಯೂಯಾರ್ಕಿನಲ್ಲಿ, ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದ ಹತ್ತು ಜನರನ್ನು ನಿಖರವಾಗಿ ಅಳೆದು ನೋಡಿದಾಗ, ಅವರು ತಿನ್ನುತ್ತಿದ್ದುದರಲ್ಲಿ ಅರ್ಧದಷ್ಟು ಅವರ ಬರವಣಿಗೆಯಲ್ಲಿ ಇರಲೇ ಇಲ್ಲ ಎಂದು ತಿಳಿದುಬಂತು. ಅವರು ಸುಳ್ಳುಗಾರರೆಂದು ಈ ಅಧ್ಯಯನವನ್ನು ಎತ್ತಿ ಆಡಿದವರುಂಟು. ನಿಂತು ಉಂಡದ್ದನ್ನು ನೆನಪು ಊಟದ ಖಾತೆಗೆ ಬರೆದುಕೊಳ್ಳುವುದಿಲ್ಲ ಎಂಬುದನ್ನು ನಾನು ಬಲ್ಲೆ.

ಆ ಹತ್ತು ಗಂಟೆಗೆ ಇನ್ನೊಂದು ಗುಣವಿತ್ತು. ಬೆಳಗ್ಗೆ ಐದರಿಂದ ಆ ಹೊತ್ತಿನವರೆಗೆ ನನ್ನನ್ನು ಯಾರೂ ಕರೆಯದ, ಏನನ್ನೂ ಕೇಳದ ಗಳಿಗೆ ಅದೊಂದೇ. ಹಸಿವೋ ಬೇಸರವೋ ದಣಿವೋ ಬೇರೆ ಮಾಡಿ ನೋಡುವ ವ್ಯವಧಾನ ಇರಲಿಲ್ಲ. ಮನೋವಿಜ್ಞಾನದವರು ಇದನ್ನು ಭಾವನೆಗಾಗಿ ತಿನ್ನುವುದು ಎನ್ನುತ್ತಾರೆ. ನನಗೆ ಆ ವಿಂಗಡಣೆ ಪೂರ್ತಿ ಒಪ್ಪಿಗೆಯಿಲ್ಲ. ಹಾಲ್ ಅವರ ಲೆಕ್ಕದ ಆ 1300 ಕ್ಯಾಲೊರಿಯ ಹಸಿವು ಹಗಲೆಲ್ಲ ಹೊರಗೆ ಕಾದು ನಿಂತು, ಮನಸ್ಸು ಬಾಗಿಲು ತೆರೆದ ಗಳಿಗೆಯಲ್ಲಿ ಒಳಗೆ ಬರುತ್ತಿತ್ತು. ಇಲ್ಲಿ ದೇಹದ ಪಾಲೆಷ್ಟು ಮನಸ್ಸಿನ ಪಾಲೆಷ್ಟು ಎಂದು ಗೆರೆ ಎಳೆಯುವುದು ಯಾರಿಂದ ಸಾಧ್ಯ?

ಸಂಕಷ್ಟಿಯ ದಿನ ಇದು ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಚಂದ್ರೋದಯದವರೆಗೆ ನೀರು ಕಾಫಿಯಲ್ಲೇ ಕಳೆಯುತ್ತಿದ್ದೆ. ಆಷಾಢದಲ್ಲಿ ನಮ್ಮ ಕಡೆ ಚಂದ್ರ ಕಾಣುವ ಮಾತೇ ಇಲ್ಲ, ಪಂಚಾಂಗದ ಗಳಿಗೆ ನೋಡಿಯೇ ಊಟ. ದೇವರಿಗಾಗಿ ಮಾಡಿದ ಉಪವಾಸ ಹಗುರವಾಗಿಯೇ ಸಾಗುತ್ತಿತ್ತು, ತೂಕಕ್ಕಾಗಿ ಮಾಡಿದ್ದು ಮಾತ್ರ ಹನ್ನೊಂದು ಗಂಟೆಗೇ ಮುರಿಯುತ್ತಿತ್ತು. ಒಮ್ಮೆ ಮುರಿದರೆ "ಇವತ್ತು ಹೇಗೂ ಕೆಟ್ಟಿತು" ಎಂದು ಮನಸ್ಸು ಹಗ್ಗ ಬಿಚ್ಚಿದ ದನವಾಗುತ್ತಿತ್ತು. 1975ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಾಲೇಜು ಹುಡುಗಿಯರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಮನ್ನು ರುಚಿ ನೋಡುವ ನೆಪದಲ್ಲಿ ಬೇಕಾದಷ್ಟು ತಿನ್ನಲು ಬಿಟ್ಟರು. ಪಥ್ಯ ಮಾಡದವರು ಕುಡಿದಿದ್ದಕ್ಕೆ ತಕ್ಕಂತೆ ಕಡಿಮೆ ತಿಂದರು. ಸದಾ ಪಥ್ಯದ ಚಿಂತೆಯಲ್ಲಿದ್ದವರು, ಮಿಲ್ಕ್‌ಶೇಕ್ ಕುಡಿದ ಮೇಲೆ ಹೆಚ್ಚು ತಿಂದರು. ಕಟ್ಟುನಿಟ್ಟು ಬಿಗಿಯಾದಷ್ಟೂ ಹಗ್ಗ ಹರಿಯುವುದು ಸುಲಭ.

ಇದಕ್ಕೆ ಹೊರಗಿನವರ ಮಾತು ಬೇರೆ. ಮದುವೆಮನೆಯಲ್ಲಿ ಕಂಡವರು "ಎಂತ ಮಾರಾಯ್ತಿ, ಮತ್ತೆ ದಪ್ಪ ಆಗಿದೀಯಲ್ಲ" ಎನ್ನುವುದನ್ನು ಕ್ಷೇಮಸಮಾಚಾರವೆಂದೇ ತಿಳಿದಿರುತ್ತಾರೆ. ಆ ಮಾತು ಕೇಳಿದ ಸಂಜೆ ಊಟ ಬಿಟ್ಟು ರಾತ್ರಿ ಡಬ್ಬಿ ತೆರೆದಿದ್ದೇನೆ. ಅದರ ಮರುದಿನ ಕ್ರೀಡಾಂಗಣಕ್ಕೆ ಹೋಗಿಲ್ಲ, ನೋಡುವವರಿದ್ದಾರಲ್ಲ ಎಂದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಮಾಡಿದ ವಿಶ್ಲೇಷಣೆಯೊಂದರ ಪ್ರಕಾರ, ಬೊಜ್ಜು ಇರುವವರಿಗೆ ಮುಂದೆ ಖಿನ್ನತೆ ಬರುವ ಸಂಭವ ಶೇಕಡಾ 55ರಷ್ಟು ಹೆಚ್ಚು, ಖಿನ್ನತೆ ಇರುವವರಿಗೆ ಬೊಜ್ಜು ಬರುವ ಸಂಭವ ಶೇಕಡಾ 58ರಷ್ಟು ಹೆಚ್ಚು. ಇನ್ನೊಂದು ಲೆಕ್ಕವನ್ನೂ ಇದರ ಪಕ್ಕದಲ್ಲಿಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಸುಮಾರು ಶೇಕಡಾ 30 ಮಂದಿಯ ಬಿಎಂಐ 25 ದಾಟಿತ್ತು. ಅದೇ ಸಮೀಕ್ಷೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇತ್ತು. ದಪ್ಪಗಿರುವವಳಿಗೆ ರಕ್ತ ಕಡಿಮೆಯಿರಬಹುದೆಂದು ಯಾರಿಗೂ ತೋಚುವುದಿಲ್ಲ. ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ ಅದು ಬೊಜ್ಜು, ಮಧ್ಯಾಹ್ನ ಕುಳಿತರೆ ಅದು ಸೋಮಾರಿತನ. ನನ್ನ ಹಿಮೋಗ್ಲೋಬಿನ್ 9.4 ಇತ್ತು, ಪರೀಕ್ಷಿಸಿದ್ದು ಬೇರಾವುದೋ ಕಾರಣಕ್ಕೆ.

ಬರೆಯಲು ಹಿಂಜರಿಯುವ ಒಂದು ಸಂಗತಿಯಿದೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೋದಲ್ಲಿ ಬೊಜ್ಜಿನ ಚಿಕಿತ್ಸೆ ನಡೆಸುತ್ತಿದ್ದ ವಿನ್ಸೆಂಟ್ ಫೆಲಿಟ್ಟಿ ಎಂಬ ವೈದ್ಯರಿಗೆ ಒಂದು ಒಗಟು ಎದುರಾಯಿತು: ಚಿಕಿತ್ಸೆ ಬಿಟ್ಟುಹೋಗುತ್ತಿದ್ದವರಲ್ಲಿ ಅನೇಕರು ಚೆನ್ನಾಗಿ ತೂಕ ಇಳಿಸುತ್ತಿದ್ದವರೇ ಆಗಿದ್ದರು. ಅವರನ್ನು ಕರೆದು ಮಾತಾಡಿಸಿದಾಗ, ಬಹಳ ಮಂದಿ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದದ್ದು ತಿಳಿಯಿತು. ಕೆಲವರಿಗೆ ದಪ್ಪ ಮೈ ಗಂಡಸರ ಕಣ್ಣಿನಿಂದ ಕಾಯುವ ಕೋಟೆಯಾಗಿತ್ತು. ಈ ಎಳೆಯನ್ನು ಹಿಡಿದು ಅವರು ರಾಬರ್ಟ್ ಆಂಡಾ ಜೊತೆ 9,500ಕ್ಕೂ ಹೆಚ್ಚು ಜನರನ್ನು ಕೇಳಿ 1998ರಲ್ಲಿ ಪ್ರಕಟಿಸಿದ ಅಧ್ಯಯನ, ಬಾಲ್ಯದ ಪೆಟ್ಟು ಪ್ರಾಯದ ಕಾಯಿಲೆಗಳವರೆಗೆ ಹೇಗೆ ಚಾಚಿಕೊಳ್ಳುತ್ತದೆಂದು ತೋರಿಸಿತು. ಬೊಜ್ಜಿರುವ ಪ್ರತಿ ಹೆಂಗಸಿನ ಹಿಂದೆ ಇಂಥ ಕಥೆ ಹುಡುಕುವುದು ಅನ್ಯಾಯ. ಆದರೆ ನನ್ನ ಗೆಳತಿಯೊಬ್ಬಳು ಒಂಬತ್ತು ಕಿಲೋ ಇಳಿಸಿದ ಮೇಲೆ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಮೊದಲಿಗಿಂತ ಹತ್ತಿರ ಸರಿಯುತ್ತಾರೆ ಎಂದು ಹೇಳಿ, ಮತ್ತೇನೂ ಹೇಳದೆ, ಆ ತಿಂಗಳಿನಿಂದ ವಾಕಿಂಗ್ ಬಿಟ್ಟಳು. ನಾನು ಕಾರಣ ಕೇಳಲಿಲ್ಲ.

ಈಗ ಏನು ಮಾಡುತ್ತಿದ್ದೀರಿ ಎಂದು ಕೇಳುವವರಿಗೆ ಹೇಳಲು ದೊಡ್ಡದೇನಿಲ್ಲ. ಕಬ್ಬಿಣದ ಮಾತ್ರೆ ನುಂಗಿದೆ. ಊಟಕ್ಕೆ ಹುರುಳಿ, ಹೆಸರುಕಾಳು, ಮೊಸರು ಹೆಚ್ಚಾಯಿತು, ಪಥ್ಯದಲ್ಲಿ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುವುದನ್ನು ತಡೆಯಲು. ಮಳೆಗಾಲದಲ್ಲಿ ಕ್ರೀಡಾಂಗಣದ ಹಂಬಲ ಬಿಟ್ಟು ಮನೆಯಲ್ಲೇ ನೀರು ತುಂಬಿದ ಕೊಡಪಾನ ಎತ್ತಿ ಇಳಿಸುತ್ತೇನೆ. ಮೊದಲ ದಿನ ಅತ್ತೆ ನನಗೆ ತಲೆ ಕೆಟ್ಟಿತೆಂದುಕೊಂಡರು. ಎಲ್ಲಕ್ಕಿಂತ ಕಷ್ಟವಾದದ್ದು ರಾತ್ರಿಯ ಊಟಕ್ಕೆ ನಾಲ್ವರೂ ಒಟ್ಟಿಗೆ ಕೂರುವುದು. ಪಾತ್ರೆಗಳನ್ನು ನಡುವೆ ಇಟ್ಟು, ಬೇಕಾದವರು ಬಡಿಸಿಕೊಳ್ಳಿ ಎಂದಾಗ ಮೂರು ದಿನ ಮನೆಯಲ್ಲಿ ಮೌನವಿತ್ತು. ನಾಲ್ಕನೆಯ ದಿನ ಅತ್ತೆಯೇ, "ಅಕ್ಕಿ ಅರ್ಧ ಪಾವು ಕಮ್ಮಿ ಹಾಕೇ, ಸುಮ್ನೆ ಉಳೀತದೆ" ಎಂದರು. ಉಳಿದರೆ ಫ್ರಿಜ್ಜಿಗೆ ಹೋಗುತ್ತದೆ. ಮರುದಿನ ಬೆಳಗ್ಗೆ ಇವರು ಅದಕ್ಕೆ ಒಗ್ಗರಣೆ ಹಾಕಿಕೊಳ್ಳುತ್ತಾರೆ.

ಎರಡು ವರ್ಷಗಳಲ್ಲಿ 82ರಿಂದ 78ಕ್ಕೆ ಬಂದಿದ್ದೇನೆ. ಮೊದಲಿನ ಹದಿಮೂರು ಕಿಲೋಗೆ ಸಿಕ್ಕ ಹೊಗಳಿಕೆಯಲ್ಲಿ ಹತ್ತನೇ ಒಂದೂ ಇದಕ್ಕೆ ಸಿಕ್ಕಿಲ್ಲ, ಕಣ್ಣಿಗೆ ಕಾಣುವಂಥದ್ದಲ್ಲ. ಸೊಂಟದ ಸುತ್ತಳತೆ ಆರು ಸೆಂಟಿಮೀಟರ್ ಇಳಿದಿದೆ, ಮೂರು ತಿಂಗಳ ಸಕ್ಕರೆಯ ಸರಾಸರಿ 6.3ರಿಂದ 5.9ಕ್ಕೆ ಬಂದಿದೆ. ಚೆನ್ನೈನ ಎ. ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಭಾರತೀಯರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟ ಮತ್ತು ನಡಿಗೆ ಬದಲಾಯಿಸಿಕೊಂಡವರಲ್ಲಿ ಮಧುಮೇಹ ಬರುವ ಸಂಭವ ಶೇಕಡಾ 28.5ರಷ್ಟು ತಗ್ಗಿತ್ತು, ಅದೂ ತೂಕ ಹೇಳಿಕೊಳ್ಳುವಷ್ಟು ಇಳಿಯದೆಯೇ. ಈ ಒಂದು ಫಲಿತಾಂಶವನ್ನು ನಮ್ಮ ಊರಿನ ಪ್ರತಿ ದವಾಖಾನೆಯ ತೂಕದ ಯಂತ್ರದ ಮೇಲೆ ಅಂಟಿಸಬೇಕೆಂದು ನನಗೆ ಆಸೆ. ಹೊಸ ಚುಚ್ಚುಮದ್ದುಗಳ ಮಾತೂ ಸ್ಟಾಫ್ ರೂಮಿಗೆ ಬಂದಿದೆ. ಸೆಮಾಗ್ಲುಟೈಡ್ ತೆಗೆದುಕೊಂಡವರು 68 ವಾರಗಳಲ್ಲಿ ಸರಾಸರಿ ಶೇಕಡಾ 15ರಷ್ಟು ಇಳಿದರೆಂದು 2021ರಲ್ಲಿ ವರದಿಯಾಯಿತು. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರರಲ್ಲಿ ಎರಡು ಪಾಲು ಮರಳಿತು ಎಂದು ಮರುವರ್ಷ. ವೈದ್ಯರು ಬೇಕೆಂದರೆ ತೆಗೆದುಕೊಳ್ಳುವುದರಲ್ಲಿ ಕೀಳರಿಮೆ ಬೇಡ. ಹಸಿವಿನ ಒಂದು ಹಾರ್ಮೋನನ್ನು ತಿದ್ದಿದಾಕ್ಷಣ ಮನೋಬಲ ತಾನಾಗಿ ಬಂದುಬಿಡುವುದಾದರೆ, ಇಷ್ಟು ದಿನ ಆ ಹೆಸರಿನಿಂದ ಕರೆದದ್ದು ಏನನ್ನು ಎಂದು ಕೇಳಿಕೊಳ್ಳಬೇಕಷ್ಟೆ.

ಕಳೆದ ಫೆಬ್ರವರಿಯಲ್ಲಿ ಹೊಸನಗರದ ಮನೆಗೆ ಹೋದಾಗ ಜಗಲಿಯ ಮೇಲೆ ಮೂಟೆಗಳಿದ್ದವು. ಹಳೆಯ ತಕ್ಕಡಿ ಗುಜರಿಗೆ ಹೋಗಿ ಬ್ಯಾಟರಿಯ ಯಂತ್ರ ಬಂದಿದೆ, ಕೆಂಪು ಅಂಕಿಗಳು ದೂರದಿಂದಲೂ ಕಾಣುತ್ತವೆ. ಮಾವನ ಮೊಮ್ಮಗಳು, ಹನ್ನೆರಡು ವರ್ಷದ ದುಂಡನೆಯ ಹುಡುಗಿ, ಎರಡು ಮೂಟೆಗಳ ನಡುವಿನ ಬಿಡುವಿನಲ್ಲಿ ಅದರ ಮೇಲೆ ಹತ್ತಿದಳು. ಆರಾಮಕುರ್ಚಿಯಲ್ಲಿದ್ದ ಮಾವ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. ನಾನು ಅವಳ ಕೈ ಹಿಡಿದು ಕೆಳಗಿಳಿಸಿ, "ಮೂಟೆ ಹಾಕಪ್ಪ, ಲಾರಿ ಬರುವ ಹೊತ್ತಾಯಿತು" ಎಂದೆ. ಕೆಲಸದ ಹುಡುಗ ಮೂಟೆ ಎತ್ತಿಟ್ಟ. ಅರವತ್ತೈದೂ ಮುನ್ನೂರು ಎಂದು ಮಾವ ಗಟ್ಟಿಯಾಗಿ ಓದಿದರು.